ಗಿಡ ಹತ್ತದ ಗುಂಡಿ

ರಾಣೇಬೆನ್ನೂರು ಡಿಪೋದಲ್ಲಿ ಶಾಹೀನ್ ಹತ್ತೊಂಬತ್ತು ವರ್ಷದಿಂದ ಕಂಡಕ್ಟರ್. ಹೆಚ್ಚಿನ ವರ್ಷವೆಲ್ಲ ಕುಪ್ಪೇಲೂರಿನ ರೂಟಿನ ಮೇಲೆ ಕಳೆದವಳು. ಖಾಕಿ ಅಂಗಿ, ತಲೆಗೆ ಕರಿ ಸ್ಕಾರ್ಫು, ಕೊರಳಲ್ಲಿ ಸೀಟಿ. ಟಿಕೆಟ್ ಕೊಟ್ಟು ಸುಮ್ಮನೆ ಮುಂದಕ್ಕೆ ಹೋಗುವ ಸ್ವಭಾವ ಆಕೆಯದಲ್ಲ. ಮೆಕ್ಕೆಜೋಳದ ಚೀಲ ಹೊತ್ತು ಹತ್ತಿದವನಿಗೆ, "ಈ ಸಲ ತೆನಿಗೆ ಹುಳ ಬಿದ್ದೈತಂತ, ಖರೇನು?" ಅನ್ನುವಳು. ಆಸ್ಪತ್ರೆಯ ಚೀಟಿ ಹಿಡಿದು ಕೂತವಳಿಗೆ, "ಡಾಕ್ಟರ್ ಏನಂದ್ರು?" ಅನ್ನುವಳು. ಮುಂದಿನ ವಾರ ಅದೇ ಹೆಂಗಸು ಬಸ್ ಹತ್ತಿದರೆ ಹಿಂದಿನ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು. ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆದ ಮೇಲೆ ಆಧಾರ್ ಕಾರ್ಡು ನೋಡುವ ನೆಪದಲ್ಲಿ ಎಲ್ಲರ ಹೆಸರೂ ವಯಸ್ಸೂ ಬಾಯಿಪಾಠ ಆದವು.

"ಅಕ್ಕಾರ, ನಮ್ಮ ಬಸ್ಸಿನ್ಯಾಗ ಎರಡು ಮಶೀನ್ ಇಡಬೇಕು," ಅನ್ನುತ್ತಿದ್ದ ಡ್ರೈವರ್ ಕಿರಣಕುಮಾರ. "ಒಂದು ಟಿಕೆಟಿಗೆ, ಇನ್ನೊಂದು ನಿಮ್ಮ ಪ್ರಶ್ನಿಗೆ."

ಹೋದ ವರ್ಷ ಫೆಬ್ರುವರಿಯಲ್ಲಿ ಕುಪ್ಪೇಲೂರಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದಾಗ, ಸೀಟಿ ಊದುತ್ತ ಹಿಂದೆ ಸರಿಯುತ್ತಿದ್ದ ಶಾಹೀನಳ ಕಾಲು ಒಂದು ಕಲ್ಲಿನ ಮೇಲೆ ಹೊರಳಿತು. ಹಿಮ್ಮಡಿಯ ಮೇಲಿನ ಕೀಲು ಮುರಿದಿತ್ತು. ಹಾವೇರಿಯಲ್ಲಿ ಆಪರೇಶನ್ ಆಗಿ ಎರಡು ತಿಂಗಳು ಮನೆಯಲ್ಲಿ ಕೂತಳು. ಏಪ್ರಿಲ್‌ನಲ್ಲಿ ಪಟ್ಟಿ ಬಿಚ್ಚಿದ ಡಾಕ್ಟರು, "ದಿನಾ ಅರ್ಧ ತಾಸು ನಡೀರಿ. ಸಿಮೆಂಟ್ ರಸ್ತೆದಾಗ ಬ್ಯಾಡ, ಮಣ್ಣಿನ ಮ್ಯಾಲ ನಡೀಬೇಕು," ಅಂದರು.

"ನಮ್ಮ ಕಡೆ ಮಣ್ಣು ಎಲ್ಲೈತ್ರಿ?" ಎಂದು ಕೇಳಿದಳಂತೆ ಶಾಹೀನ್. ಆಮೇಲೆ ನೆನಪಾಗಿದ್ದು ನಮ್ಮ ಲೇಔಟಿನ ಪಾರ್ಕು.

ನಾನೂ ಅದೇ ಲೇಔಟಿನವನು, ಶಾಹೀನಳ ಮನೆಯಿಂದ ನಾಲ್ಕನೆಯ ಮನೆ ನಮ್ಮದು. ಲೇಔಟ್ ಆಗಿ ಇಪ್ಪತ್ತು ವರ್ಷ ದಾಟಿದೆ. ಪಾರ್ಕು ಅರ್ಧ ಎಕರೆಗೆ ಸ್ವಲ್ಪ ಕಡಿಮೆ. ಸುತ್ತ ಎದೆಯುದ್ದ ಗೋಡೆ, ಮುಂದಿನ ರಸ್ತೆಗೆ ಒಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಬೀಗದ ಕೈ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರಾದ ವಿಜಯಮಹಾಂತೇಶ ಸರ್ ಮನೆಯಲ್ಲಿ. ಅವರು ನಿವೃತ್ತ ಹೈಸ್ಕೂಲ್ ಮಾಸ್ತರರು. ಗೇಟಿನ ಪಕ್ಕ ಒಂದು ತಗಡಿನ ಬೋರ್ಡು: ಬಡಾವಣೆಯ ನಿವಾಸಿಗಳಿಗೆ ಮಾತ್ರ. ಹಾಗೆ ಬರೆಸಿದ ನಾವು ನಿವಾಸಿಗಳಾದರೂ ಒಳಗೆ ಹೋಗುತ್ತಿದ್ದೆವಾ ಅಂದರೆ, ಇಲ್ಲ. ನಾನಂತೂ ವರ್ಷಕ್ಕೊಮ್ಮೆ, ಜೂನ್ ಐದಕ್ಕೆ, ಸರ್ ಗಿಡ ನೆಡುವಾಗ ಫೋಟೋಕ್ಕೆ ನಿಲ್ಲಲು ಹೋಗುತ್ತಿದ್ದೆ.

ಶಾಹೀನ್ ಬೀಗದ ಕೈ ಕೇಳಿದಾಗ ಸರ್‌ಗೆ ಖುಷಿಯಾಯಿತು. "ಬರ್ರಿ ಬರ್ರಿ, ಪಾರ್ಕಿಗೆ ಬರೋರು ಒಬ್ಬರರ ಸಿಕ್ಕರಲ್ಲ!"

ಒಳಗೆ ಜೋಕಾಲಿಯ ಸರಪಳಿ ಇತ್ತು, ಹಲಗೆ ಇರಲಿಲ್ಲ. ಜಾರಬಂಡೆಯ ತಳ ತುಕ್ಕು ತಿಂದು ತೂತಾಗಿತ್ತು. ಎಲ್ಲ ಕಡೆ ಮೊಳಕಾಲುದ್ದ ಪಾರ್ಥೇನಿಯಂ ಕಸ. ಆದರೆ ನಟ್ಟನಡುವೆ ದುಂಡಗೆ ಒಂದಿಷ್ಟು ಜಾಗ ಬೋಳಾಗಿತ್ತು. ಅಲ್ಲಿ ಕಸ ಸೈತ ಹುಟ್ಟಿರಲಿಲ್ಲ. ಅದರ ಮಧ್ಯೆ ಕಬ್ಬಿಣದ ಜಾಳಿಗೆ, ಜಾಳಿಗೆಯೊಳಗೆ ಒಂದು ಒಣ ಕಡ್ಡಿ. ಜಾಳಿಗೆಗೆ ಆರು ತಗಡಿನ ಚೀಟಿ ಕಟ್ಟಿದ್ದರು, ಆರರ ಮೇಲೂ ವಿಶ್ವ ಪರಿಸರ ದಿನ, ಬೇರೆ ಬೇರೆ ಇಸವಿ.

ಆರು ವರ್ಷ, ಆರು ಗಿಡ, ಒಂದೇ ಗುಂಡಿ. ಶಾಹೀನ್ ಕುಂಟುತ್ತ ಅದರ ಸುತ್ತ ಹತ್ತು ಸುತ್ತು ಹಾಕಿದಳು. ಕಾಲಿಗೆ ನಡಿಗೆ ಸಿಕ್ಕಿತು, ತಲೆಗೆ ಕೆಲಸ ಸಿಕ್ಕಿತು.

ಅವತ್ತಿನಿಂದ ಎದುರು ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: ಆ ಗಿಡ ಯಾಕೆ ಸಾಯುತ್ತದೆ? ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ಆಕೆಯ ಗಂಡ ಜಾಕೀರ್, ನೀರು ಸಾಲದಾಗಿರಬೇಕು ಅಂದ. ನಾನು ಆಡು ತಿಂದಿರಬೇಕು ಅಂದೆ. ಟೇಲರಿಂಗ್ ಮಾಡುವ ಪುಷ್ಪಲತಾ ದನಿ ತಗ್ಗಿಸಿ, "ಆ ಜಾಗದಾಗ ಏನೋ ಐತ್ರಿ, ಹೋಗಬ್ಯಾಡ್ರಿ," ಅಂದಳು. ನಗರಸಭೆಯಿಂದ ನೀರು ಬಿಡುವ ಇಸ್ಮಾಯಿಲಸಾಬ, ಬೋರಿನ ನೀರು ಸವಳು ಅಂದ.

ಬೇರೆಯವರಾದರೆ ಯಾವುದೋ ಒಂದು ಉತ್ತರ ನಂಬಿ ಸುಮ್ಮನಾಗುತ್ತಿದ್ದರು. ಶಾಹೀನ್ ಒಂದೊಂದನ್ನೇ ನೋಡುತ್ತ ಬಂದಳು. ಬೋರಿನ ನೀರು ಬೊಗಸೆಯಲ್ಲಿ ಹಿಡಿದು ಕುಡಿದಳು, ಸಿಹಿಯಾಗೇ ಇತ್ತು. ಅಲ್ಲದೆ ಪಂಪಿನ ಮನೆಯ ಹತ್ತಿರ ಅದೇ ನೀರು ಕುಡಿದ ನುಗ್ಗೆಗಿಡ ಮಾಳಿಗೆ ಮುಟ್ಟಿತ್ತು. ಆಡು ಬರಲು ಗೇಟಿಗೆ ಬೀಗ, ಸುತ್ತ ಗೋಡೆ. ನೀರಿನದಂತೂ ಸರ್ ಮನೆಯವರೇ ಹೇಳಿದರು: ಮನೆಯ ತುಳಸಿಗೆ ಹಾಕದಿದ್ದರೂ ಪಾರ್ಕಿನ ಗಿಡಕ್ಕೆ ಸರ್ ದಿನಾ ಒಂದು ಕೊಡ ಹಾಕುತ್ತಾರೆ. ಪುಷ್ಪಲತಾಳ ಮಾತೊಂದು ಉಳಿಯಿತು. ಅದಕ್ಕೆ ಶಾಹೀನ್ ಒಂದು ಮಧ್ಯಾಹ್ನ ಜಾಳಿಗೆಯ ಬುಡದಲ್ಲೇ ಚಾಪೆ ಹಾಸಿ ಒಂದು ತಾಸು ಮಲಗಿ ಎದ್ದು ಬಂದಳು. "ಏನೂ ಇಲ್ಲವಾ, ಇರುವಿ ಅದಾವ," ಅಂದಳು ಪುಷ್ಪಲತಾಳಿಗೆ.

ಆಮೇಲೆ ಆ ಗುಂಡಿಗೆ ಒಂದು ಬಕೆಟ್ ನೀರು ಸುರುವಿದಳು. ಮರುದಿನ ಮುಂಜಾನೆ ನೋಡಿದರೆ ಅರ್ಧ ನೀರು ಹಾಗೇ ನಿಂತಿತ್ತು. ಬಟ್ಟಲಲ್ಲಿ ನಿಂತ ಹಾಗೆ. ಜಾಕೀರ್‌ನನ್ನು ಕರೆತಂದು ತೋರಿಸಿದಳು. ಅವನು ಹಾರೆಯಿಂದ ಗುಂಡಿಯ ತಳಕ್ಕೆ ಒಂದು ಏಟು ಹಾಕಿದ. ಠಣ್ ಅಂದಿತು.

"ಇದು ಕಲ್ಲಲ್ಲ," ಮನೆಯ ಉರ್ದುವಿನಲ್ಲೇ ಅಂದ ಜಾಕೀರ್, ಹಾರೆಯ ತುದಿಗೆ ಹತ್ತಿದ ಮಣ್ಣು ಬೆರಳಲ್ಲಿ ತಿಕ್ಕಿ. "ಮಣ್ಣೇ. ಆದರೆ ಯಾರೋ ಬಡಿದು ಬಡಿದು ಇಟ್ಟ ಹಾಗಿದೆ. ನೀರು ಕೆಳಗೆ ಇಳಿಯೋದಿಲ್ಲ, ಬೇರು ಕೊಳೆಯುತ್ತೆ."

ಯಾರು ಬಡಿದರು? ಯಾಕೆ? ಶಾಹೀನಳಿಗೆ ಅವತ್ತು ಊಟ ರುಚಿಸಲಿಲ್ಲವೆಂದು ಮಗಳು ಸುಮಯ್ಯಾ ಈಗಲೂ ಹೇಳಿ ನಗುತ್ತಾಳೆ. ಮರುದಿನ ಇಡೀ ಪಾರ್ಕು ಹುಡುಕುತ್ತ ಹೋದಾಗ ಜಾರಬಂಡೆಯ ಹಿಂದೆ, ಕಸದೊಳಗೆ, ಒಂದು ಕಲ್ಲು ಸಿಕ್ಕಿತು. ಕಂಬವನ್ನು ತುಂಡು ಮಾಡಿ ಅಡ್ಡ ಮಲಗಿಸಿದಂತೆ ದುಂಡಗೆ, ಎರಡೂ ತುದಿಗೆ ಒಂದೊಂದು ತೂತು. ಪೇಟೆಯಲ್ಲಿ ಹುಟ್ಟಿ ಬೆಳೆದ ಶಾಹೀನ್ ಅಂಥ ಕಲ್ಲು ನೋಡಿರಲಿಲ್ಲ.

ಹಿಂದಿನ ಗೋಡೆಯ ಆಚೆ ಒಂದು ಹಳೆಯ ಓಣಿ. ಶಾಹೀನ್ ಗೋಡೆಯ ಮೇಲಿಂದ ಇಣುಕಿದಳು. ಎದುರಿನ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಆ ಮುಖ ಗೊತ್ತಿತ್ತು. ತಿಂಗಳಿಗೆರಡು ಸಲ ತವರಿಗೆಂದು ಬಸ್ ಹತ್ತುವವಳು.

"ಗದಿಗೆವ್ವಜ್ಜಿ! ಕುಪ್ಪೇಲೂರು!"

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರದು? ಕಂಡಕ್ಟರವ್ವಾ! ಖಾಕಿ ಇಲ್ಲದ ಗುರ್ತ ಸಿಗಲಿಲ್ಲ ನೋಡು. ಕಾಲು ಹೆಂಗೈತಿ?"

"ಕೂಡಾಕತ್ತೈತಿ. ಅಜ್ಜಿ, ಇಲ್ಲೊಂದು ದುಂಡನ ಕಲ್ಲೈತಿ. ಎರಡೂ ಕಡೆ ತೂತು. ಏನದು?"

ಗದಿಗೆವ್ವಳ ಕೈ ನಿಂತಿತು. "ಇನ್ನೂ ಐತೇನು ಅದು? ನಮ್ಮ ರೋಣಗಲ್ಲವಾ. ತೆನಿ ಹರವಿ, ಎತ್ತು ಹೂಡಿ, ಅದರ ಮ್ಯಾಲ ಎಳಸಿದ್ರ ಕಾಳು ಉದರತಾವ. ಆ ಹೊಲ ನಮ್ಮದಿತ್ತು. ನಮ್ಮ ಮನೆಯವರು ಹೋದ ಮ್ಯಾಲ ಮೈದುನರೆಲ್ಲ ಕೂಡಿ ಲೇಔಟಿಗೆ ಕೊಟ್ವಿ. ಎಲ್ಲೈತಿ ಕಲ್ಲು?"

"ಜಾರಬಂಡಿ ಹಿಂದ."

"ಹಂಗಾರ ಕಣ ಅಲ್ಲೇ ಬಗಲಾಗ. ಈಗ ಅಲ್ಲೇನೈತಿ?"

"ಗಿಡಾ ಹಚ್ಯಾರ. ಆರು ಸಲ ಹಚ್ಚಿದ್ರು, ಆರೂ ಸತ್ತಾವ."

ಗದಿಗೆವ್ವ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. ಆಮೇಲೆ ನಗು ಶುರುವಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಂಡು ಮತ್ತೂ ನೀರು ಬಂತು. "ಕಣದಾಗ ಗಿಡಾ ಹಚ್ಯಾರೇನು! ಯವ್ವಾ, ನಮ್ಮ ಅತ್ತಿ ಕಾಲದಿಂದ ವರ್ಷಾ ನೀರು ಹೊಡದು, ಕಲ್ಲು ಎಳದು, ಸಗಣಿ ಸಾರಿಸಿ ಬಡದ ನೆಲ ಅದು. ಒಂದು ಹುಲ್ಲು ಹುಟ್ಟಬಾರದು ಅಂತನ ಅದನ್ನ ಮಾಡಿದ್ವಿ."

"ಮತ್ತ ಆರು ವರ್ಷ ಯಾರಿಗೂ ಯಾಕ ಹೇಳಲಿಲ್ಲ ಅಜ್ಜಿ?"

"ಯಾರು ಕೇಳ್ಯಾರ?" ಅಂದಳು ಗದಿಗೆವ್ವ. ಅದರಲ್ಲಿ ಸಿಟ್ಟೇನೂ ಇರಲಿಲ್ಲ. "ಅಲ್ಲಿ ಏನು ಮಾಡ್ಯಾರಂತ ನನಗರ ಏನು ಗೊತ್ತು? ಗೇಟು ಆ ಕಡೆ ಐತಿ. ಓಣಿಯವರು ಬರಬಾರದಂತ ಬೋರ್ಡ್ ಹಾಕ್ಯಾರಂತಲ್ಲ."

ಆ ಬೋರ್ಡನ್ನು ಶಾಹೀನ್ ನೂರು ಸಲ ಓದಿದ್ದಳು. ಅದು ಯಾರನ್ನು ಹೊರಗಿಡುತ್ತದೆ ಅಂತ ಒಂದು ಸಲವೂ ಅನ್ನಿಸಿರಲಿಲ್ಲ. ಎಲ್ಲರಿಗೂ ಎಲ್ಲ ಕೇಳುವ ತಾನು ಇದನ್ನು ಯಾಕೆ ಕೇಳಲಿಲ್ಲ ಅನ್ನಿಸಿ ಆಕೆಗೆ ನಾಚಿಕೆಯಾಯಿತಂತೆ.

ಮರುದಿನ ಓಣಿಗೆ ಹೋಗಿ ಗದಿಗೆವ್ವಳನ್ನು ಕರೆದುಕೊಂಡು ಬಂದಳು. ಗೋಡೆಯ ಆಚೆಯಿಂದ ಈಚೆಗೆ ಬರಲು ಓಣಿ ಸುತ್ತಿ, ದೊಡ್ಡ ರಸ್ತೆ ಹಿಡಿದು, ಲೇಔಟಿನ ಎರಡು ತಿರುವು ದಾಟಬೇಕು. ಒಬ್ಬಳಿಗೆ ಕೀಲು ನೋವು, ಇನ್ನೊಬ್ಬಳಿಗೆ ಮೊಳಕಾಲು. ಇಬ್ಬರೂ ಕುಂಟುತ್ತ ಬರುವುದನ್ನು ನಾನು ನಮ್ಮ ಬಾಗಿಲಲ್ಲಿ ನಿಂತು ನೋಡಿದೆ. ಅರ್ಧ ತಾಸು ಹಿಡಿಯಿತು.

ಬೋಳು ನೆಲದ ಅಂಚಿಗೆ ಬಂದೊಡನೆ ಗದಿಗೆವ್ವ ಚಪ್ಪಲಿ ಬಿಟ್ಟಳು. ಇಪ್ಪತ್ತು ವರ್ಷದ ಮೇಲೆ ಅಲ್ಲಿ ಕಾಲಿಟ್ಟವಳು ಅಳುತ್ತಾಳೇನೋ ಅಂತ ಶಾಹೀನ್ ಅಂಜಿದ್ದಳು. ಅಳಲಿಲ್ಲ. ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿ, "ಬೇಷ್ ಐತಿ ಇನ್ನೂ," ಅಂದಳು. ಎತ್ತು ಸುತ್ತಲೆಂದು ನಡುವೆ ನೆಡುತ್ತಿದ್ದ ಮೇಟಿ ಕಂಬ ಜಾಳಿಗೆಯಿಂದ ಎರಡೇ ಹೆಜ್ಜೆ ದೂರ ಇತ್ತಂತೆ. ಆಮೇಲೆ ಮೂಡಣ ಗೋಡೆಯ ಕಡೆ ಹೋಗಿ ಕಸ ಸರಿಸಿದಳು.

"ಇಲ್ಲಿ ಹಚ್ಚಬೇಕಿತ್ತವಾ. ಹತ್ತು ಚಕ್ಕಡಿ ಕೆರಿ ಮಣ್ಣು ಇಲ್ಲೇ ಹೊಡಸಿದ್ವಿ. ಬದನಿ ಹಾಕಿದ್ರ ಉಡಿ ತುಂಬ ಕಾಯಿ ಬರತಿದ್ದು."

ಶಾಹೀನ್ ಕೋಲಿನಿಂದ ಕೆದಕಿದಳು. ಕರಿ ಮಣ್ಣು, ಬೆಲ್ಲದಂತೆ ಪುಡಿಪುಡಿ ಎದ್ದಿತು.

ಇದನ್ನು ವಿಜಯಮಹಾಂತೇಶ ಸರ್‌ಗೆ ಹೇಳುವುದು ಸುಲಭ ಇರಲಿಲ್ಲ. ಮೇ ತಿಂಗಳ ಕೊನೆ, ಏಳನೆಯ ಗಿಡದ ತಯಾರಿ ಆಗಲೇ ನಡೆದಿತ್ತು. ಅವರು ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಶಾಹೀನ್ ಮೇಡಂ, ಆರು ವರ್ಷ ನಾ ಒಬ್ಬಾವ ಅದಕ್ಕ ನೀರು ಹೊತ್ತೇನಿ. ಆವಾಗ ಯಾರೂ ಬರಲಿಲ್ಲ. ಈಗ ಗಿಡಾ ಯಾಕ ಸತ್ತಾವ ಅಂತ ಹೇಳಾಕ ಎಲ್ಲಾರೂ ಬರಾಕತ್ತೀರಿ."

ಅದು ನಿಜವೇ ಆಗಿತ್ತು. ಶಾಹೀನ್, "ನೀವು ಸೈನ್ಸ್ ಮಾಸ್ತರಲ್ರಿ ಸರ್?" ಅಂದಳು.

"ಹೌದು. ಅದಕ್ಕೇನೀಗ?"

"ಹಂಗಾರ ಪರೀಕ್ಷಾ ಮಾಡೂನ್ರಿ. ಎರಡು ಗಿಡಾ. ಒಂದ ತಳಿ, ಒಂದ ಎತ್ತರ. ಒಂದು ನಿಮ್ಮ ಗುಂಡ್ಯಾಗ, ಒಂದು ಅಜ್ಜಿ ತೋರಿಸಿದ ಜಾಗದಾಗ. ದಿನಾ ಒಂದೊಂದ ಕೊಡ ನೀರು. ಚೌತಿಗೆ ನೋಡೂನು."

ಸರ್ ಮುಖದಲ್ಲಿ ಏನೋ ಬದಲಾಯಿತು. ಮೂವತ್ತು ವರ್ಷ ಹುಡುಗರಿಗೆ ಪ್ರಯೋಗ ಮಾಡಿಸಿದ ಮನುಷ್ಯ. "ಗುಂಡಿ ಈ ಸಲ ನಾ ಎರಡು ಫೂಟು ಆಳ ತೋಡಿಸ್ತೀನಿ," ಅಂದರು. "ಸೋಲೋ ಮಾತಿಲ್ಲ."

ಮೋಟೆಬೆನ್ನೂರಿನ ಹತ್ತಿರದ ನರ್ಸರಿಯಿಂದ ಎರಡು ಹೊಂಗೆ ಗಿಡ ಬಂದವು. ತಂದವನು ಕಿರಣಕುಮಾರ, ಡ್ರೈವರ್ ಸೀಟಿನ ಹಿಂದೆ ನಿಲ್ಲಿಸಿಕೊಂಡು. ದಾರಿಯುದ್ದಕ್ಕೂ ಎಲ್ಲರೂ ಯಾಕೆ ಏನು ಅಂತ ಕೇಳಿದರಂತೆ. ಜೂನ್ ಐದಕ್ಕೆ ಒಂದನ್ನು ಸರ್ ನೆಟ್ಟರು, ಇನ್ನೊಂದನ್ನು ಗದಿಗೆವ್ವ. ಫೋಟೋ ತೆಗೆಯುವಾಗ ಗದಿಗೆವ್ವ ಸರ್ ಕಡೆ ನೋಡಿ, "ನಿಮ್ಮದೂ ಬದುಕಲಿ ಬಿಡ್ರಿ," ಅಂದಳು.

ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಎರಡರಲ್ಲಿ ಯಾವ ಗಿಡ ಉಳಿಯುತ್ತದೆ ಅನ್ನುವ ಸುದ್ದಿ ಲೇಔಟಿನಲ್ಲೂ ಓಣಿಯಲ್ಲೂ ಹಬ್ಬಿತು. ಆಫೀಸಿಗೆ ಹೋಗುವವರು ಗಾಡಿ ನಿಲ್ಲಿಸಿ ನೋಡತೊಡಗಿದರು. ಪುಷ್ಪಲತಾ ತನ್ನ ಅಂಜಿಕೆ ಬಿಟ್ಟು, ಪ್ರತಿ ರವಿವಾರ ಕೊರಳಲ್ಲಿ ಟೇಪು ಹಾಕಿಕೊಂಡು ಬಂದು ಎರಡೂ ಗಿಡದ ಎತ್ತರ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆಯುವಳು. ನೋಡಲು ಬಂದವರು ಗೋಡೆಯ ಬದಿಯ ಕಟ್ಟೆಯ ಮೇಲೆ ಕೂತರು. ಕೂತವರಿಗೆ ಕಸ ಕಾಲಿಗೆ ತೊಡರಿತು, ಕಿತ್ತರು. ಮಕ್ಕಳು ಸರಪಳಿ ಹಿಡಿದು ಜೋತಾಡಿದರು, ಜಾಕೀರ್ ಒಂದು ಹಲಗೆ ತಂದು ಬಿಗಿದ. ದಿನಕ್ಕೆ ಹತ್ತು ಸಲ ಬೀಗದ ಕೈ ಕೇಳುವವರ ಕಾಟ ತಾಳಲಾರದೆ ಸರ್ ಒಂದು ದಿನ ಬೀಗವನ್ನು ಗೇಟಿಗೆ ಸುಮ್ಮನೆ ಜೋತುಬಿಟ್ಟು ಮನೆಗೆ ಹೋದರು. ಆಮೇಲೆ ಅದನ್ನು ಯಾರೂ ಹಾಕಲಿಲ್ಲ.

ಸುಮಯ್ಯಾ ಒಂಬತ್ತನೆಯ ತರಗತಿ. ತನಗೆ ಹತ್ತು ವರ್ಷ ತುಂಬಿದ ಮೇಲೆ ಆಕೆ ಪಾರ್ಕಿನ ಕಡೆ ಬಂದವಳೇ ಅಲ್ಲ. ಈಗ ಗೆಳತಿಯರ ಜೊತೆ ಗಿಡ ನೋಡಲು ಬಂದವಳು ಕತ್ತಲಾಗುವವರೆಗೆ ಕೂತಳು.

"ಇಷ್ಟು ದಿನ ಯಾಕೆ ಬರ್ತಿರಲಿಲ್ಲ?" ಎಂದು ಶಾಹೀನ್ ಕೇಳಿದಳು.

"ಖಾಲಿ ಪಾರ್ಕಿನಲ್ಲಿ ನಾವು ಒಂದಿಬ್ಬರು ಹುಡುಗಿಯರೇ ಕೂತರೆ ಎಲ್ಲರೂ ನಮ್ಮನ್ನೇ ನೋಡ್ತಾರಲ್ಲ ಅಮ್ಮೀ. ಈಗ ಎಲ್ಲರೂ ಗಿಡ ನೋಡ್ತಾರೆ."

ಆಗಸ್ಟಿನಲ್ಲಿ ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಹೊಡೆದ ಮೇಲೆ ಒಂದು ಮುಂಜಾನೆ ಶಾಹೀನ್ ಕೊಡೆ ಹಿಡಿದು ಪಾರ್ಕಿಗೆ ಹೋದಾಗ ಜಾಳಿಗೆಯ ಹತ್ತಿರ ಯಾರೋ ಕೂತಿದ್ದರು. ವಿಜಯಮಹಾಂತೇಶ ಸರ್. ತಲೆಗೆ ಪ್ಲಾಸ್ಟಿಕ್ ಹೊದ್ದು, ತಂಬಿಗೆಯಿಂದ ಗುಂಡಿಯ ನೀರು ತೋಡಿ ತೋಡಿ ಹೊರಗೆ ಚೆಲ್ಲುತ್ತಿದ್ದರು. ಗಿಡದ ಕೆಳಗಿನ ಎಲೆ ಹಳದಿಗೆ ತಿರುಗಿತ್ತು.

ಆಕೆಯನ್ನು ನೋಡಿ ಸರ್ ಕೈ ನಿಲ್ಲಿಸಿದರು. "ಇದು ನಮ್ಮ ಕರಾರಿನ್ಯಾಗಿಲ್ಲ," ಅಂದರು ಮೆಲ್ಲಗೆ. "ನೀರು ನಿಂತೈತಿ. ನೋಡಾಕ ಆಗಲಿಲ್ಲ."

"ಗಿಡಕ್ಕ ಕರಾರು ಏನು ಗೊತ್ತ್ರಿ ಸರ್," ಅಂದಳು ಶಾಹೀನ್. ಕೊಡೆ ಮಡಚಿಟ್ಟು, ನೋವಿರುವ ಕಾಲು ಮುಂದಕ್ಕೆ ಚಾಚಿ ಕೂತು, ಅಲ್ಲೇ ಬಿದ್ದಿದ್ದ ಡಬ್ಬಿಯಿಂದ ತಾನೂ ನೀರು ತೋಡತೊಡಗಿದಳು. ಮಳೆಯಲ್ಲಿ ಇಬ್ಬರೂ ಅರ್ಧ ತಾಸು ತೋಡಿದರು. ತೋಡಿದಷ್ಟೂ ತುಂಬಿತು.

ಚೌತಿಯ ಹಿಂದಿನ ದಿನ ಎಲ್ಲರೂ ಸೇರಿದ್ದರು. ಮೂಡಣ ಗೋಡೆಯ ಹೊಂಗೆ ಪುಷ್ಪಲತಾಳ ಎದೆಮಟ್ಟಕ್ಕೆ ಬಂದಿತ್ತು. ಗುಂಡಿಯದು ಕಡ್ಡಿಯಾಗಿತ್ತು. ಸರ್ ಅದನ್ನು ತಾವೇ ಕಿತ್ತರು. ಮೂಗಿನ ಹತ್ತಿರ ಹಿಡಿದು ನೋಡಿ, ಬೇರನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. ಕ್ಲಾಸಿನಲ್ಲಿ ನಿಂತ ಹಾಗೆ.

"ನೋಡ್ರಿ, ಕರ್ರಗಾಗೈತಿ. ಇದು ಕೊಳತ ವಾಸನಿ. ಆರು ವರ್ಷ ನಾ ಹುಡುಗರು ಹಾಳ ಮಾಡ್ಯಾರಂತ ಸಿಟ್ಟಾದೆ, ಇಸ್ಮಾಯಿಲಸಾಬನ ನೀರಿನ ಮ್ಯಾಲ ಸಿಟ್ಟಾದೆ. ಇದರ ಬೇರು ಮಾತ್ರ ಒಮ್ಮೆನೂ ತಗದು ನೋಡಲಿಲ್ಲ."

ಆಮೇಲೆ ಸೀದಾ ಹಿಂದಿನ ಗೋಡೆಗೆ ಹೋದರು. ಗದಿಗೆವ್ವ ಆಚೆ ಬದಿ ನಿಂತಿದ್ದಳು. ಅವತ್ತು ಮೊಳಕಾಲು ನೋವು ಜಾಸ್ತಿಯಾಗಿ ಸುತ್ತಿ ಬರಲು ಆಗಿರಲಿಲ್ಲ.

"ಗದಿಗೆವ್ವಾರ, ಇಲ್ಲಿ ಮತ್ತೇನೇನಿತ್ತು, ಒಂದೀಟು ಹೇಳಿಕೊಡ್ರಿ."

"ಗ್ವಾಡಿ ಮ್ಯಾಲಿಂದ ಹೆಂಗ ಹೇಳಲೋ ಯಪ್ಪಾ," ಅಂದಳು ಮುದುಕಿ. "ಇಲ್ಲೊಂದು ಬಾಗಲಾ ಮಾಡ್ರಿ."

ಬಾಗಿಲು ಅಂದೊಡನೆ ಆಗಲಿಲ್ಲ. ಓಣಿಯ ಕಡೆ ಗೋಡೆ ಒಡೆದರೆ ದನ ಬರುತ್ತವೆ, ಗಾಡಿ ನುಗ್ಗುತ್ತವೆ, ಕಳ್ಳರಿಗೆ ದಾರಿಯಾಗುತ್ತದೆ ಎಂದು ನಮ್ಮಲ್ಲೇ ನಾಲ್ಕೈದು ಮನೆಯವರು ಒಪ್ಪಲಿಲ್ಲ. ಸಂಘದ ಮೀಟಿಂಗಿನಲ್ಲಿ ದನಿ ಏರಿತು. ಶಾಹೀನ್ ವಾದ ಮಾಡಲಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಯಾವುದಕ್ಕೆ ಅಂಜಿಕೆ ಎಂದು ಕೇಳಿ ಬಂದಳು. ಗಾಡಿಯ ಅಂಜಿಕೆ ಇದ್ದವರಿಗೆ, ಒಬ್ಬರೇ ಅಡ್ಡ ತಿರುಗಿ ದಾಟುವಷ್ಟು ಸಣ್ಣ ಗೇಟು ಸಾಕು ಅಂದಳು. ಕಳ್ಳರ ಅಂಜಿಕೆ ಇದ್ದವರಿಗೆ, ದಿನಾ ಕತ್ತಲಾಗುತ್ತಲೇ ಗದಿಗೆವ್ವನೇ ಚಿಲಕ ಹಾಕುತ್ತಾಳೆ ಅಂದಳು. ಒಬ್ಬರು ಕೊನೆಯವರೆಗೂ ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ಉಳಿದವರೂ ಓಣಿಯವರೂ ಒಂದೇ ಹಾಳೆಯ ಮೇಲೆ ಸಹಿ ಮಾಡಿದ ಅರ್ಜಿ ನಗರಸಭೆಗೆ ಹೋಯಿತು. ಎಂಜಿನಿಯರ್ ಬಂದು ಅಳೆದು ಹೋದರು. ಒಪ್ಪಿಗೆ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಶಾಹೀನಳ ಕಾಲು ಕೂಡಿ, ಕೆಲಸಕ್ಕೆ ಹೋಗಬಹುದೆಂದು ಡಾಕ್ಟರ್ ಚೀಟಿ ಕೊಟ್ಟು, ಆಕೆ ಮತ್ತೆ ಮುಂಜಾನೆ ಆರರ ಕುಪ್ಪೇಲೂರಿನ ಬಸ್ಸಿಗೆ ಹೋಗತೊಡಗಿದ್ದಳು. ಮಧ್ಯಾಹ್ನ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಪಾರ್ಕಿಗೆ ಬರುವಳು.

ಗೋಡೆ ಒಡೆದ ದಿನ ಸರ್ ಮುಂದಿನ ಗೇಟಿನ ಬೋರ್ಡನ್ನು ಯಾರಿಗೂ ಹೇಳದೆ ಬಿಚ್ಚಿಟ್ಟರು.

ಗಿಡಗಳೆಲ್ಲ ಮೂಡಣಕ್ಕೆ, ಕರಿ ಮಣ್ಣಿಗೆ ಹೋದವು. ನಡುವಿನ ಬೋಳು ನೆಲಕ್ಕೆ ಏನು ಮಾಡುವುದು ಎಂಬ ಮಾತು ಬಂತು. ಫರಸಿ ಕಲ್ಲು ಹಾಕಿಸೋಣ ಅಂದೆ ನಾನು. ಸುಮಯ್ಯಾ ಎದ್ದು ನಿಂತಳು. ಆಕೆ ಶಾಲೆಯ ಖೋ ಖೋ ತಂಡದವಳು. "ಇದು ನಮಗ ಕೊಡ್ರಿ," ಅಂದಳು. "ನಾವು ಆಡತೀವಿ. ಬಿದ್ರೂ ಸಿಮೆಂಟ್‌ನಷ್ಟು ಹತ್ತೂದಿಲ್ಲ."

"ಆಡಬೇಕಾದ್ರ ನೆಲ ಹದಾ ಮಾಡಬೇಕು," ಅಂದಳು ಗದಿಗೆವ್ವ. "ಇಪ್ಪತ್ತು ವರ್ಷ ಯಾರೂ ಕೈ ಹಚ್ಚಿಲ್ಲ."

ಡಿಸೆಂಬರಿನ ಮೊದಲ ರವಿವಾರ ಆಕೆ ಕುರ್ಚಿ ಹಾಕಿಸಿಕೊಂಡು ಕೂತು ಕಣ ಮಾಡಿಸಿದಳು. ಹಿಂದಿನ ಸಂಜೆ ತಗ್ಗು ಬಿದ್ದಲ್ಲಿ ಮಣ್ಣು ತುಂಬಿ ನೀರು ಹೊಡೆಯಬೇಕಿತ್ತು. ಇಸ್ಮಾಯಿಲಸಾಬ ಉತ್ಸಾಹದಲ್ಲಿ ಪೈಪು ಬಿಟ್ಟು ಚಹಾಕ್ಕೆ ಹೋದ. ಮುಂಜಾನೆ ನೋಡಿದರೆ ಕೆಸರು. ಹತ್ತು ಮಂದಿ ಹಗ್ಗ ಹಿಡಿದು ರೋಣಗಲ್ಲು ಎಳೆದರೆ ಅದು ಅರ್ಧಕ್ಕೇ ಹೂತು ನಿಂತಿತು. ಸರ್ ಜಾರಿ ಕೂತರು.

"ಭತ್ತದ ಗದ್ದಿ ಮಾಡೀರೇನು ಇದನ್ನ!" ಎಂದು ಗದಿಗೆವ್ವ ಬೈದು ಎಲ್ಲರನ್ನೂ ಮನೆಗೆ ಕಳಿಸಿದಳು. ಮುಂದಿನ ರವಿವಾರ ಮತ್ತೆ. ಈ ಸಲ ಮಣ್ಣು ಮುಷ್ಟಿಯಲ್ಲಿ ಹಿಡಿದು, ಉಂಡೆ ಕಟ್ಟಿ, ಒಡೆದು, ಮೂಸಿ, "ಹೂಂ, ಎಳೀರಿ," ಅಂದಳು. ಎತ್ತಿನ ಜಾಗದಲ್ಲಿ ನಾವು. ಬ್ಯಾಂಕಿನವರು, ಗೌಂಡಿಗಳು, ಓಣಿಯ ಮೈಲವ್ವ, ಬೀಜದ ಅಂಗಡಿಯ ಜಾಕೀರ್, ಎಲ್ಲ ಒಂದೇ ಹಗ್ಗಕ್ಕೆ. ಶಾಹೀನ್ ಮುಂದೆ ನಿಂತು ಸೀಟಿ ಊದಿದಳು. ಮೈಲವ್ವನ ಎಮ್ಮೆಯ ಸಗಣಿ ನೀರಿನಲ್ಲಿ ಕಲಸಿ ಸಾರಿಸಿದ್ದಾಯಿತು. ಮೂಗು ಮುಚ್ಚಿಕೊಂಡವರೂ ಒಣಗಿದ ಮೇಲೆ ಬರಿಗಾಲಲ್ಲಿ ಬಂದು ನಿಂತು ನೋಡಿದರು.

ಎಲ್ಲವೂ ಸರಿಹೋಯಿತು ಅಂತ ನಾನು ಹೇಳಲಾರೆ. ಪಾರ್ಕಿನಲ್ಲಿ ಪಾಯಖಾನೆ ಇನ್ನೂ ಇಲ್ಲ, ಅದಕ್ಕೆ ಬೇರೆ ಅರ್ಜಿ ಹೋಗಿದೆ. ಕ್ರಿಕೆಟ್ ಆಡುವವರಿಗೂ ಖೋ ಖೋದವರಿಗೂ ವಾರಕ್ಕೊಂದು ಜಗಳ. ಹೊಸ ಗೇಟಿನಿಂದ ಮೈಲವ್ವನ ಆಡು ಎರಡು ಸಲ ಒಳಗೆ ಬಂದು ಮೂರು ಬೇವಿನ ಸಸಿ ತಿಂದು ಹೋಯಿತು. ಆಡು ತಿನ್ನುತ್ತದೆ ಎಂದು ನಾನು ಮೊದಲೇ ಹೇಳಿದ್ದೆ ಅಂತ ಶಾಹೀನಳಿಗೆ ನೆನಪಿಸಿದೆ. "ಕಡೀಗೂ ಖರೇ ಆತು ನೋಡ್ರಿ ನಿಮ್ಮ ಮಾತು," ಅಂದು ನಕ್ಕಳು.

ಈ ಜನವರಿಯಲ್ಲಿ ಒಂದು ರವಿವಾರ ಸಂಜೆ ಹುಡುಗಿಯರ ಪಂದ್ಯ ಇತ್ತು. ಓಣಿಯವರು ಒಂದು ಕಡೆ ಲೇಔಟಿನವರು ಒಂದು ಕಡೆ ಮಾಡೋಣ ಅಂತ ಯಾರೋ ಅಂದದ್ದಕ್ಕೆ ಸುಮಯ್ಯಾ ಒಪ್ಪದೆ ಚೀಟಿ ಎತ್ತಿಸಿ ತಂಡ ಮಾಡಿದ್ದಳು. ಗದಿಗೆವ್ವ ಕುರ್ಚಿಯಲ್ಲಿ, ಪಕ್ಕದಲ್ಲಿ ನೆಲದ ಮೇಲೆ ಶಾಹೀನ್.

"ಅವರೆಲ್ಲ ಸಾಲಾಗಿ ಯಾಕ ಕುಂತಾರ?" ಗದಿಗೆವ್ವ ಕೇಳಿದಳು.

"ಬೆನ್ನಟ್ಟೋರು ಅವರು ಅಜ್ಜಿ."

"ಬೆನ್ನಟ್ಟೋರು ಕುಂತು ಬೆನ್ನಟ್ಟತಾರೇನು? ಮತ್ತ ಒಬ್ಬಾಕಿ ಈ ಕಡೆ ಮಾರಿ, ಇನ್ನೊಬ್ಬಾಕಿ ಆ ಕಡೆ ಮಾರಿ, ಯಾಕ ಹಂಗ?"

ಶಾಹೀನಳಿಗೆ ಗೊತ್ತಿರಲಿಲ್ಲ. ಸರ್ ಕಡೆ ತಿರುಗಿದಳು. ಸರ್ ವಿವರಿಸಲು ಹೋಗಿ ಅರ್ಧಕ್ಕೇ ತಪ್ಪಿದರು. ಪಕ್ಕದಲ್ಲಿ ಉಸಿರು ಬಿಡುತ್ತ ಕೂತಿದ್ದ ಔಟಾದ ಹುಡುಗಿಯೊಬ್ಬಳು ತಿದ್ದಿದಳು. ಅಷ್ಟರಲ್ಲಿ ಸುಮಯ್ಯಾ ಕಂಬ ಸುತ್ತಿ ನುಸುಳುವಾಗ ಜಾರಿ ಬಿದ್ದಳು. ಕೈ ಮುಟ್ಟಿತು ಅಂತ ಒಂದು ತಂಡ, ಮುಟ್ಟಲಿಲ್ಲ ಅಂತ ಇನ್ನೊಂದು. ಆಟ ನಿಂತು ಎರಡೂ ಕಡೆಯವರು ನಡುವೆ ಸೇರಿದರು. ಮೊಳಕಾಲಿನ ಧೂಳು ಕೊಡವಿಕೊಳ್ಳುತ್ತಲೇ ಸುಮಯ್ಯಾ ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಿದ್ದಳು. ಶಾಹೀನ್ ಎದ್ದು ಹೋಗಲಿಲ್ಲ. ಮಗಳ ದನಿ ಅಷ್ಟು ದೊಡ್ಡದಿದೆ ಎಂದು ಆಕೆಗೇ ಗೊತ್ತಿರಲಿಲ್ಲವಂತೆ, ಕುತ್ತಿಗೆ ಎತ್ತಿ ಕೇಳುತ್ತ ಕೂತಿದ್ದಳು.

ಜಗಳ ಬಗೆಹರಿಯಲಿಲ್ಲ. ಹೊತ್ತು ಮುಳುಗಿ ಮಗ್ರಿಬ್‌ನ ಅಜಾನ್ ಆಯಿತು, ಬೆಳಕು ಕಡಿಮೆಯಾಯಿತು, ಹುಡುಗಿಯರು ಚಪ್ಪಲಿ ಹುಡುಕಿಕೊಂಡರು.

"ಹಂಗಾರ ಗೆದ್ದೋರು ಯಾರು?" ಅಂದಳು ಗದಿಗೆವ್ವ, ಚಿಲಕ ಹಾಕಲು ಏಳುತ್ತ.

"ಇನ್ನೂ ತೀರ್ಮಾನ ಆಗಿಲ್ಲಜ್ಜಿ," ಅಂದಳು ಸುಮಯ್ಯಾ.

"ಮತ್ತ ನಾಳೆ ಎಷ್ಟಕ್ಕ ಬರತೀರಿ?"